ಮೊದಲು ಗಾಡಿ ನೋಡಿ, ಹಾಸಿಗೆ ಆಮೇಲೆ

ಹಗಲೆಲ್ಲ ಓಡಿಸಿ, ರಾತ್ರಿ ಅದರೊಳಗೇ ಮಲಗಿ, ಬೆಳಗ್ಗೆ ಅಲ್ಲೇ ಕಾಫಿ ಕಾಸಿಕೊಂಡು ಮುಂದಿನ ಊರಿಗೆ ಹೊರಡಬಹುದಾದ ಗಾಡಿಗೆ ಕ್ಯಾಂಪರ್ ವ್ಯಾನ್ ಅನ್ನುತ್ತಾರೆ. ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ಬೇಸಿಗೆ ರಜೆ ಬಂತೆಂದರೆ ಹೆದ್ದಾರಿಯಲ್ಲಿ ಇವುಗಳದೇ ಸಾಲು. ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆ ನಿಂತ ನಮ್ಮ ಮಕ್ಕಳೂ ಈಗ ಇಂಥ ಗಾಡಿ ಕೊಳ್ಳುತ್ತಿದ್ದಾರೆ, ಬಾಡಿಗೆಗೆ ಹಿಡಿಯುತ್ತಿದ್ದಾರೆ. ಸ್ಟುಟ್‌ಗಾರ್ಟಿನಲ್ಲಿರುವ ನನ್ನ ಅಣ್ಣನ ಮಗ ಫೋನು ಮಾಡಿ, “ಚಿಕ್ಕಪ್ಪ, ಎರಡು ಗಾಡಿ ನೋಡಿಟ್ಟಿದ್ದೀನಿ, ಯಾವುದು ತಗೊಳ್ಳಲಿ?” ಅಂತ ಕೇಳಿ ಒಂದಷ್ಟು ಫೋಟೋ ಕಳಿಸಿದ. ಎಲ್ಲವೂ ಒಳಗಿನ ಫೋಟೋಗಳು. ಮೆತ್ತನೆಯ ಹಾಸಿಗೆ, ಕಿಟಕಿಯ ಪರದೆ, ಎರಡು ಬರ್ನರಿನ ಒಲೆ, ಪುಟ್ಟ ಸಿಂಕು. ಗಾಡಿಯ ಎತ್ತರವೆಷ್ಟು, ಅದು ಎಷ್ಟು ತೂಕ ಹೊರಬಹುದು ಅನ್ನುವ ವಿವರ ಒಂದರಲ್ಲೂ ಇರಲಿಲ್ಲ.

ಕೊಳ್ಳುವವರು ಹೆಚ್ಚಾಗಿ ಹೋಲಿಸುವುದು ಹೀಗೆಯೇ. ಹಾಸಿಗೆಗೆ ಹಾಸಿಗೆ, ಒಲೆಗೆ ಒಲೆ. ಆದರೆ ಈ ಗಾಡಿಗಳು ಮೂಲದಲ್ಲಿ ಸರಕು ಸಾಗಿಸಲು ಹುಟ್ಟಿದವು. ಬ್ರೆಡ್ಡು, ಅಂಚೆ ಪೊಟ್ಟಣ, ಪ್ಲಂಬರನ ಪೈಪು ಹೊರಲೆಂದು ಯಾರೋ ಎಂಜಿನಿಯರ್ ನಿಗದಿ ಮಾಡಿದ ಅಗಲ, ಎತ್ತರ, ತೂಕಗಳೊಳಗೇ ಆಮೇಲಿನವರು ಮನೆ ಕಟ್ಟುತ್ತಾರೆ. ಒಳಗಿನ ಮರಗೆಲಸವನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಕೆಳಗಿನ ಚಾಸಿಯನ್ನು ಬದಲಾಯಿಸಲಾಗದು. ಹಾಗಾಗಿ ಎರಡು ಕ್ಯಾಂಪರ್‌ಗಳನ್ನು ತೂಗಿ ನೋಡುವವರು ಅಲ್ಲಿಂದಲೇ ಶುರುಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದರ ಮೊದಲ ಪಾಠ 1947ರಷ್ಟು ಹಳೆಯದು. ಆಗ ಬೆನ್ ಪೋನ್ ಎಂಬ ಡಚ್ ವ್ಯಾಪಾರಿ ವೋಲ್ಫ್ಸ್‌ಬರ್ಗಿನ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಹೋಗಿದ್ದರು. ಬೀಟಲ್ ಕಾರಿನ ಅಡಿಭಾಗದ ಮೇಲೆ ಬಯಲು ಹಲಗೆ ಕೂರಿಸಿಕೊಂಡ ಒಂದು ಬಂಡಿ ಬಿಡಿಭಾಗಗಳನ್ನು ಹೊತ್ತು ಕಾರ್ಖಾನೆಯೊಳಗೆ ಓಡಾಡುವುದನ್ನು ಕಂಡರು. ಏಪ್ರಿಲ್ 23ರಂದು ಟಿಪ್ಪಣಿ ಪುಸ್ತಕದಲ್ಲಿ ಒಂದು ಗಾಡಿ ಗೀಚಿದರು: ಮುಂದೆ ಚಾಲಕ, ಹಿಂದೆ ಎಂಜಿನ್, ನಡುವೆ 750 ಕಿಲೋ ಸರಕು. ಆ ಹಾಳೆ ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. 1950ರ ಮಾರ್ಚಿನಲ್ಲಿ ಗಾಡಿಯ ತಯಾರಿಕೆ ಆರಂಭವಾಯಿತು. ಮಾರನೆಯ ವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಇಟ್ಟು ತೆಗೆಯಬಹುದಾದ ಕ್ಯಾಂಪಿಂಗ್ ಪೆಟ್ಟಿಗೆಯೊಂದನ್ನು ಮಾಡಿತು. ವೆಸ್ಟ್‌ಫಾಲಿಯಾ 1844ರಲ್ಲಿ ಕಮ್ಮಾರಸಾಲೆಯಾಗಿ ಶುರುವಾದ ಸಂಸ್ಥೆ. ವಾರವೆಲ್ಲ ಅಂಗಡಿಯ ಸಾಮಾನು ಹೊತ್ತ ವ್ಯಾನು, ಶನಿವಾರ ಪೆಟ್ಟಿಗೆ ಒಳಗಿಟ್ಟ ಕೂಡಲೇ ಸಂಸಾರಕ್ಕೆ ಮನೆಯಾಗುತ್ತಿತ್ತು.

ಹಿಂದೆ ಎಂಜಿನ್ ಅಂತ ಬೆನ್ ಪೋನ್ ಗೀಚಿದ ಆ ಗೆರೆ ಮುಂದಿನ 40 ವರ್ಷ ಆ ಗಾಡಿಗಳಲ್ಲಿ ಮಲಗಿದವರ ಹಾಸಿಗೆಯನ್ನು ನಿರ್ಧರಿಸಿತು. ಎಂಜಿನ್ನಿನ ಮೇಲೆ ನೆಲ ಉಬ್ಬಿರುತ್ತಿತ್ತು; ಹಾಸಿಗೆಯ ತಲೆಭಾಗವನ್ನೋ ಕಾಲಭಾಗವನ್ನೋ ಆ ಉಬ್ಬಿನ ಮೇಲೆ ಚಾಚಲೇಬೇಕು. ಹಿಂಬಾಗಿಲಿಂದ ಉದ್ದನೆಯ ಸಾಮಾನು ತುಂಬುವಂತಿರಲಿಲ್ಲ. 1990ರಲ್ಲಿ ಬಂದ ನಾಲ್ಕನೆಯ ಪೀಳಿಗೆಯಲ್ಲಿ ಎಂಜಿನ್ ಮುಂದಕ್ಕೆ ಹೋಯಿತು, ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯತೊಡಗಿದವು, ನೆಲ ಕೊನೆಯವರೆಗೂ ಸಪಾಟಾಯಿತು. ಬಡಗಿಗಳಿಗೆ ಅದೊಂದು ಹೊಸ ಗಾಡಿಯೇ ಸಿಕ್ಕಂತಾಯಿತು.

ಈಗಿನ ಗಾಡಿಗಳಿಗೆ ಬರೋಣ. ಸಣ್ಣ ಕ್ಯಾಂಪರ್‌ಗಳಲ್ಲಿ ದೊಡ್ಡದಾಗಿ ಎರಡು ಮನೆತನಗಳಿವೆ. ಅವುಗಳ ನಡುವಿನ ಗಡಿ ಎರಡು ಮೀಟರ್ ಎತ್ತರ. ಯುರೋಪಿನ ನೆಲಮಾಳಿಗೆಯ ಪಾರ್ಕಿಂಗುಗಳಲ್ಲಿ ಎರಡು ಮೀಟರಿಗೆ ಅಡ್ಡಪಟ್ಟಿ ತೂಗುಬಿಟ್ಟಿರುವುದು ಸಾಮಾನ್ಯ. ಫೋಕ್ಸ್‌ವ್ಯಾಗನ್ನಿನ ಕ್ಯಾಲಿಫೋರ್ನಿಯಾ, ಮರ್ಸಿಡಿಸ್ಸಿನ ಮಾರ್ಕೊ ಪೋಲೊ ಆ ಪಟ್ಟಿಯ ಕೆಳಗೆ ನುಸುಳುತ್ತವೆ. 2019ರಲ್ಲಿ ಬಂದ ಕ್ಯಾಲಿಫೋರ್ನಿಯಾದ ಉದ್ದ 4.9 ಮೀಟರ್, ಎತ್ತರ 1.99 ಮೀಟರ್. ಮಾರ್ಕೊ ಪೋಲೊ ಉದ್ದ 5.14 ಮೀಟರ್. ವಾರದ ದಿನಗಳಲ್ಲಿ ಇದರಲ್ಲೇ ಆಫೀಸಿಗೆ ಹೋಗಬಹುದು, ಮಕ್ಕಳನ್ನು ಶಾಲೆಗೆ ಬಿಡಬಹುದು, ಸೂಪರ್ ಮಾರ್ಕೆಟ್ಟಿನ ಮುಂದೆ ಕಾರು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಬಹುದು. ರಾತ್ರಿಗೆ ಮಾತ್ರ ಮುಂಭಾಗದಿಂದ ಚಾವಣಿ ಮೇಲಕ್ಕೆ ತೆರೆದುಕೊಳ್ಳುತ್ತದೆ. ಸುತ್ತ ಕ್ಯಾನ್ವಾಸ್ ಬಟ್ಟೆ, ಒಳಗೆ ಇಬ್ಬರು ಮಲಗುವಷ್ಟು ಅಟ್ಟ.

ಈ ಗಾಡಿಯಲ್ಲಿ ಬೆಳಗಾಗುವುದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ಷೋರೂಮಿನಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಕೆಳಗೆ ಮಲಗಿದವರು ಏಳದ ಹೊರತು ಕೂರಲು ಜಾಗವಿಲ್ಲ, ಯಾಕೆಂದರೆ ಹಗಲಿನ ಸೀಟೇ ರಾತ್ರಿಯ ಹಾಸಿಗೆ. ಹೊದಿಕೆ ಮಡಚಬೇಕು, ಸೀಟು ಎತ್ತಿ ಮುಂದಕ್ಕೆ ತಳ್ಳಬೇಕು, ಆಮೇಲೆ ಮೇಜು ಬಿಡಿಸಬೇಕು. ಅಷ್ಟಾಗುವ ತನಕ ಮೇಲಿನ ಮಕ್ಕಳು ಇಳಿಯುವಂತಿಲ್ಲ. ಮುಂದಿನ ಎರಡು ಸೀಟುಗಳನ್ನು ಹಿಮ್ಮುಖ ತಿರುಗಿಸಿದರೆ ನಾಲ್ವರ ಪಡಸಾಲೆ ಸಿದ್ಧ. ಒಲೆ, ಸಿಂಕು, ಮೇಲಿನಿಂದ ಮುಚ್ಚಳ ತೆರೆಯುವ 42 ಲೀಟರಿನ ಫ್ರಿಜ್ಜು, ಮೂರೂ ಒಂದು ಪಕ್ಕದ ಗೋಡೆಗೆ ಹೊಂದಿಕೊಂಡಿರುತ್ತವೆ. ಮಳೆ ಬಂದ ರಾತ್ರಿಯ ಮರುದಿನವಂತೂ ಒದ್ದೆ ಕ್ಯಾನ್ವಾಸನ್ನು ಹಾಗೇ ಮಡಚಿ ಚಾವಣಿ ಮುಚ್ಚಿ ಹೊರಟರೆ, ಸಂಜೆ ಮರೆಯದೆ ತೆರೆದು ಒಣಗಿಸಬೇಕು. ಮರೆತರೆ ಬೂಷ್ಟು ಹಿಡಿಯುತ್ತದೆ. ಇಷ್ಟೆಲ್ಲ ಕೆಲಸವನ್ನು ಪ್ರೀತಿಯಿಂದ ಮಾಡುವ ಸಂಸಾರಗಳಿವೆ. ಅವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಸಿಡಿಮಿಡಿಗೊಳ್ಳುವ ಮನೆಯವರು ಯೋಚಿಸಬೇಕು.

ನಮ್ಮ ಅಡುಗೆಯ ವಿಚಾರ ಬೇರೆಯೇ ಇದೆ. ಹಾಸಿಗೆಯ ಪಕ್ಕದಲ್ಲೇ ಒಲೆಯಿದ್ದು ಅದರ ಮೇಲೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಸಿಡಿಸಿದರೆ ವಾಸನೆ ಹೊದಿಕೆಗಳಲ್ಲಿ ನಿಂತುಬಿಡುತ್ತದೆ. ಈ ದೃಷ್ಟಿಯಿಂದ ನನಗೆ ಫೋರ್ಡ್ ಟ್ರಾನ್ಸಿಟ್ ಕಸ್ಟಮ್ ಮೇಲೆ ವೆಸ್ಟ್‌ಫಾಲಿಯಾದವರು ಕಟ್ಟುವ ನಗೆಟ್ ಎಂಬ ಗಾಡಿ ಬಹಳ ಹಿಡಿಸುತ್ತದೆ. ಅದರಲ್ಲಿ ಅಡುಗೆಮನೆ ಪೂರ್ತಿ ಹಿಂಭಾಗದಲ್ಲಿ, ಎಲ್ ಆಕಾರದಲ್ಲಿದೆ. ಹಿಂಬಾಗಿಲು ಎತ್ತಿದರೆ ಹೊಗೆಯೆಲ್ಲ ಹೊರಕ್ಕೆ. ಒಬ್ಬರು ಅಲ್ಲಿ ನಿಂತು ಉಪ್ಪಿಟ್ಟು ಕೆದಕುತ್ತಿದ್ದರೆ ಉಳಿದವರು ನಡುವೆ ಕೂತು ಹರಟಬಹುದು. ಯಾರ ಕಾಲೂ ಯಾರಿಗೂ ಅಡ್ಡವಾಗುವುದಿಲ್ಲ. ಹೆಚ್ಚು ಜನ ಇದನ್ನು ಕೊಳ್ಳುವುದಿಲ್ಲವಲ್ಲ ಅಂತ ನನಗೆ ಆಶ್ಚರ್ಯ.

ಇನ್ನೊಂದು ಮನೆತನ ದೊಡ್ಡ ಸರಕು ವ್ಯಾನುಗಳದು, ಎತ್ತರ ಎರಡೂವರೆ ಮೀಟರ್ ದಾಟಿದವು. ಇದರ ಯಜಮಾನ ಫಿಯೆಟ್ ಡುಕಾಟೊ. ಫಿಯೆಟ್ ಮತ್ತು ಫ್ರಾನ್ಸಿನ ಪೂಜೊ, ಸಿಟ್ರೊಯೆನ್ ಕಂಪನಿಗಳು ಸೇರಿ ಇಟಲಿಯ ಅಬ್ರುಝೊ ಪ್ರಾಂತ್ಯದ ಅಟೆಸ್ಸಾದಲ್ಲಿ ಹೂಡಿದ ಕಾರ್ಖಾನೆಯಿಂದ 1981ರಲ್ಲಿ ಇದು ಹೊರಬಂತು. ಪೂಜೊ ಬಾಕ್ಸರ್, ಸಿಟ್ರೊಯೆನ್ ಜಂಪರ್ ಅಂತ ಓಡಾಡುವುದೂ ಇದೇ ಗಾಡಿ. ಹಾಗಾಗಿ ಈ ಮೂರರಲ್ಲಿ ಹೆಸರು ನೋಡಿ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹತ್ತಿರದ ಸರ್ವಿಸ್ ಕೇಂದ್ರ ಇವನ್ನು ನೋಡಿದರೆ ಸಾಕು.

ಯುರೋಪಿನ ಕ್ಯಾಂಪರ್ ಕಟ್ಟುವವರು ಡುಕಾಟೊಗೇ ಮುಗಿಬೀಳಲು ಕಾರಣ ಅದರ ಸೌಂದರ್ಯವಲ್ಲ, ಆಕಾರ. ಮುಂದಿನ ಚಕ್ರಗಳೇ ಎಳೆಯುವುದರಿಂದ ನೆಲದಡಿಯಲ್ಲಿ ಹಿಂದಿನವರೆಗೆ ಪ್ರೊಪೆಲ್ಲರ್ ಶಾಫ್ಟ್ ಹಾಯುವುದಿಲ್ಲ. ನೆಲ ರಸ್ತೆಯಿಂದ ಅರ್ಧ ಮೀಟರಿಗಿಂತ ಸ್ವಲ್ಪವೇ ಮೇಲಿದೆ. ಹೊರಗಿನ ಅಗಲ 2.05 ಮೀಟರ್, ಒಳಗೆ 1.87 ಮೀಟರ್. ಗೋಡೆಗಳು ಮೇಲಕ್ಕೆ ಹೋದಂತೆ ಹೆಚ್ಚು ಬಾಗದೆ ನೆಟ್ಟಗಿವೆ. ಒಳಗಿನ ಕಂಬಿಗಳ ನಡುವಿನ ಗುಳಿಗಳನ್ನೂ ಬಳಸಿಕೊಂಡರೆ ಸರಾಸರಿ ಎತ್ತರದ ಮನುಷ್ಯ ಅಡ್ಡಡ್ಡ ಮಲಗಬಹುದು. ಗುಟ್ಟಿರುವುದು ಇಲ್ಲೇ. ಹಾಸಿಗೆ ಅಡ್ಡಲಾಗಿ ಬಂದರೆ ಗಾಡಿಯ ಉದ್ದದಲ್ಲಿ ಅರ್ಧ ಮೀಟರಿಗೂ ಹೆಚ್ಚು ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಒಂದು ಪುಟ್ಟ ಬಚ್ಚಲು ಕೂತುಕೊಳ್ಳುತ್ತದೆ. ಶವರು, ಬೇಸಿನ್ನು, 18 ಲೀಟರಿನಷ್ಟು ಹಿಡಿಯುವ ಕ್ಯಾಸೆಟ್ ಇರುವ ಕಮೋಡು. ಒಳಗೆ ನೆಟ್ಟಗೆ ನಿಲ್ಲಬಹುದು. ಹಾಸಿಗೆಯನ್ನು ದಿನವೂ ಮಡಚಬೇಕಿಲ್ಲ. ಅಡ್ಡ ಹಾಸಿಗೆಯ ಒಂದು ತೊಂದರೆಯನ್ನು ಮಾತ್ರ ಗಂಡಹೆಂಡಿರು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು: ಹಿಂಬಾಗಿಲ ಕಡೆ ಮಲಗಿದವರು ರಾತ್ರಿ ಏಳಬೇಕಾದರೆ ಇನ್ನೊಬ್ಬರನ್ನು ದಾಟಿ ಬರಬೇಕು.

ಮರ್ಸಿಡಿಸ್ ಸ್ಪ್ರಿಂಟರ್ ಒಳಗೆ ಅಗಲ 1.8 ಮೀಟರನ್ನೂ ಮುಟ್ಟುವುದಿಲ್ಲ. ಒಂದು ಗೇಣಿಗಿಂತಲೂ ಕಡಮೆ ವ್ಯತ್ಯಾಸ, ಆದರೆ ಅಷ್ಟಕ್ಕೇ ಹಾಸಿಗೆ ಉದ್ದುದ್ದಕ್ಕೆ ತಿರುಗುತ್ತದೆ. ಇಲ್ಲವೇ ಗಾಡಿಯ ಪಕ್ಕಕ್ಕೆ ಉಬ್ಬು ಪೆಟ್ಟಿಗೆ ಅಂಟಿಸಬೇಕಾಗುತ್ತದೆ. ಬದಲಿಗೆ ಸ್ಪ್ರಿಂಟರ್ ಕೊಡುವುದು ಹಿಡಿತ. ಹಿಂದಿನ ಚಕ್ರ ತಳ್ಳುವ ಸ್ಪ್ರಿಂಟರ್‌ನಲ್ಲಿ ಹಾಸಿಗೆ, ನೀರು, ಸಾಮಾನಿನ ಭಾರವೆಲ್ಲ ಎಳೆತವಿರುವ ಚಕ್ರದ ಮೇಲೇ ಕೂರುತ್ತದೆ. ಡುಕಾಟೊದಲ್ಲಿ ಅದೇ ಭಾರ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ಹಗುರಾಗುತ್ತದೆ. ಮಳೆಗೆ ನೆನೆದ ಹುಲ್ಲಿನ ಮೈದಾನದಲ್ಲಿ, ಅದೂ ಸ್ವಲ್ಪ ಏರಿದ್ದರೆ, ಡುಕಾಟೊ ಚಕ್ರ ಸುಮ್ಮನೆ ತಿರುಗಿ ಕೆಸರು ಹಾರಿಸುವುದನ್ನು ನಾನೇ ನೋಡಿದ್ದೇನೆ. ಪಕ್ಕದವರು ಬಂದು ನೂಕಿದ ಮೇಲೆ ಗಾಡಿ ಮೇಲೆದ್ದಿತು. ಚಳಿಗಾಲದಲ್ಲಿ ಹಿಮದ ಬೆಟ್ಟಕ್ಕೆ ಹೋಗುವವರಾದರೆ ಈ ಒಂದು ವಿಷಯಕ್ಕೇ ಸ್ಪ್ರಿಂಟರ್ ಕಡೆ ನೋಡಬಹುದು.

ಡುಕಾಟೊ ಕ್ಯಾಂಪರ್‌ಗಳು ಮುಖ್ಯವಾಗಿ 5.41, 5.99, 6.36 ಮೀಟರ್ ಉದ್ದಗಳಲ್ಲಿ ಬರುತ್ತವೆ. 5.99ಕ್ಕೆ ಬೇಡಿಕೆ ಹೆಚ್ಚು. ಕಡಲು ದಾಟಿಸುವ ಹಡಗುಗಳು ಗಾಡಿಯ ಉದ್ದ ನೋಡಿ ಟಿಕೆಟ್ಟು ಹಾಕುತ್ತವೆ. ಅನೇಕ ಕಡೆ ಆರು ಮೀಟರ್ ಒಂದು ಗೆರೆ. ಎತ್ತರದ ಇಬ್ಬರು ಉದ್ದುದ್ದ ಮಲಗಬೇಕೆಂದರೆ 6.36 ಬೇಕು, ಹಳೆಯ ಊರುಗಳ ಗಲ್ಲಿಗಳಲ್ಲಿ ತಿರುಗಿಸಬೇಕೆಂದರೆ 5.41 ಚೆಂದ.

ಈಗ ತೂಕ. ನನ್ನ ಮಾತಿನಲ್ಲಿ ಇದೊಂದೇ ನೆನಪುಳಿದರೂ ಸಾಕು. ಯುರೋಪಿನಲ್ಲಿ ಸಾಮಾನ್ಯ ಕಾರಿನ ಬಿ ದರ್ಜೆಯ ಲೈಸೆನ್ಸಿಗೆ 3,500 ಕಿಲೋ ಮಿತಿ ಅನ್ನುವ ಲೆಕ್ಕದ ಮೇಲೇ ಈ ಗಾಡಿಗಳನ್ನು ಕಟ್ಟುತ್ತ ಬಂದಿದ್ದಾರೆ. ಗಾಡಿ, ಜನ, ನೀರು, ಸಾಮಾನು, ಎಲ್ಲ ಸೇರಿ 3,500. ಒಂದು 5.99 ಮೀಟರಿನ ಡುಕಾಟೊ ಕ್ಯಾಂಪರ್ ಓಡಲು ಸಿದ್ಧವಾದ ಸ್ಥಿತಿಯಲ್ಲಿ 2,950 ಕಿಲೋ ಇದೆ ಅಂದುಕೊಳ್ಳಿ. ಉಳಿದದ್ದು 550. ಬಹಳವಾಯಿತಲ್ಲ ಅನ್ನಿಸುತ್ತದೆ. ಈ ಸಿದ್ಧ ತೂಕದಲ್ಲಿ 75 ಕಿಲೋ ಚಾಲಕನನ್ನೂ ಡೀಸೆಲ್ಲನ್ನೂ ಸೇರಿಸಿರುತ್ತಾರೆ. ಆದರೆ ನೀರಿನ ಟ್ಯಾಂಕು ನೂರು ಲೀಟರ್ ಹಿಡಿದರೂ ಲೆಕ್ಕಕ್ಕೆ ಇಪ್ಪತ್ತೇ ಲೀಟರ್ ತೋರಿಸುವ ತಯಾರಕರಿದ್ದಾರೆ. ಟ್ಯಾಂಕು ತುಂಬಿಸಿ, 80 ಕಿಲೋ ಹೋಯಿತು. ಇನ್ನು ಮೂವರು ಪ್ರಯಾಣಿಕರು, ತಲೆಗೆ 75ರಂತೆ 225. ಬಿಸಿಲಿಗೆ ಚಾಚುವ ಮೇಲ್ಕಟ್ಟು 30. ಎರಡನೆಯ ಬ್ಯಾಟರಿ 25. ಹಿಂದೆ ಸೈಕಲ್ ಸ್ಟ್ಯಾಂಡು ಮತ್ತು ನಾಲ್ಕು ಸೈಕಲ್ 75. ಮತ್ತೊಂದು ತುಂಬಿದ ಗ್ಯಾಸ್ ಸಿಲಿಂಡರ್ 22. ಕೂಡಿಸಿದರೆ 457. ಉಳಿದದ್ದು 93 ಕಿಲೋ, ನಾಲ್ವರಿಗೆ ಹಂಚಿದರೆ ತಲೆಗೆ ಇಪ್ಪತ್ಮೂರು. ವಿಮಾನದಲ್ಲಿ ಒಬ್ಬರು ಹಾಕುವ ಒಂದು ಸೂಟ್‌ಕೇಸಿನಷ್ಟು. ಅದರಲ್ಲೇ ಬಟ್ಟೆ, ಹೊದಿಕೆ, ಕುಕ್ಕರ್, ತಟ್ಟೆ ಲೋಟ, ಅಕ್ಕಿ ಬೇಳೆ, ಮಡಚುವ ಮೇಜು ಕುರ್ಚಿ, ಎಲ್ಲವೂ ಬರಬೇಕು.

ಮಿತಿ ಮೀರಿದರೆ ಏನಾಗುತ್ತದೆ? ತಡೆದು ತೂಕ ಹಾಕಿಸಿದರೆ ದಂಡ. ಅದಕ್ಕಿಂತ ಮುಖ್ಯವಾಗಿ ಬ್ರೇಕು ಹಿಡಿದಾಗ ನಿಲ್ಲುವ ದೂರ ಹೆಚ್ಚುತ್ತದೆ, ಹಿಂದಿನ ಟೈರು ಬಿಸಿಯಾಗುತ್ತದೆ, ಇಳಿಜಾರಿನಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಒಳಗಿರುವುದು ನಮ್ಮ ಮಕ್ಕಳು ಅನ್ನುವುದು ನೆನಪಿರಲಿ. ಬಾಗಿಲು ತೆರೆದಾಗ ಕಂಬದ ಮೇಲೆ ಅಂಟಿಸಿರುವ ಪಟ್ಟಿಯಲ್ಲಿ ಒಟ್ಟು ಮಿತಿ, ಮುಂದಿನ ಆಕ್ಸಲ್ಲಿನ ಮಿತಿ, ಹಿಂದಿನ ಆಕ್ಸಲ್ಲಿನ ಮಿತಿ ಬರೆದಿರುತ್ತದೆ. ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರುವುದುಂಟು. ಸೈಕಲ್ಲುಗಳು ಹಿಂಬಾಗಿಲಿಗೆ ನೇತಾಡುತ್ತಿದ್ದರೆ ಅದು ಸುಲಭವಾಗಿ ಆಗುತ್ತದೆ. ಹೊರಡುವ ಮುಂಚೆ ತುಂಬಿದ ಗಾಡಿಯನ್ನು ತೂಕದ ಸೇತುವೆಯ ಮೇಲೆ ಒಮ್ಮೆ ಹತ್ತಿಸಿ, ಆಕ್ಸಲ್ ಒಂದೊಂದನ್ನೂ ಬೇರೆಯಾಗಿ ತೂಗಿಸಿ. ಡುಕಾಟೊದಲ್ಲೇ ಮ್ಯಾಕ್ಸಿ ಎಂಬ ಗಟ್ಟಿ ಚಾಸಿಯೂ ಸಿಗುತ್ತದೆ, ಅದಕ್ಕೆ 3,500ಕ್ಕಿಂತ ಹೆಚ್ಚು ಹೊರುವ ಶಕ್ತಿಯಿದೆ. ಆದರೆ ಆ ಗೆರೆ ದಾಟಿದ ಗಾಡಿಗೆ ಆಸ್ಟ್ರಿಯಾದ ಹೆದ್ದಾರಿಯಲ್ಲಿ ಗಾಜಿಗೆ ಅಂಟಿಸುವ ಸಾಧಾರಣ ಚೀಟಿ ನಡೆಯದು, ಕಿಲೋಮೀಟರ್ ಲೆಕ್ಕದ ಸುಂಕ ಕಟ್ಟಬೇಕು.

ಬೆಚ್ಚಗಿಡುವ ಮತ್ತು ತಂಪಾಗಿಡುವ ವಿಚಾರವನ್ನು ಬೇಗ ಮುಗಿಸುತ್ತೇನೆ. ತಗಡಿನ ಗೋಡೆಯ ಮೇಲೆ ಉಸಿರಿನ ತೇವ ನೀರಾಗಿ ಇಳಿಯುತ್ತದೆ, ಹಾಗಾಗಿ ಒಳಗಿನ ನಿರೋಧಕ ಪದರ ಅಂಚಂಚಿಗೂ ಕೂತಿದೆಯೇ ಅಂತ ಕಪಾಟಿನ ಹಿಂದೆ ಕೈ ಹಾಕಿ ನೋಡಿ. ಹೀಟರಿಗೆ ಗ್ಯಾಸ್ ಬಳಸುವುದಾದರೆ ಚಳಿಗಾಲಕ್ಕೆ ಪ್ರೊಪೇನ್ ಇರಲಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಹಳೆಯ ಕ್ಯಾಂಪರ್‌ಗಳಲ್ಲಿ ಗ್ಯಾಸಿನ ಉರಿಯಿಂದಲೇ ತಂಪು ಹುಟ್ಟಿಸುವ ಫ್ರಿಜ್ಜು ಇರುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದ ಅದ್ಭುತ ಅದು. ಒಂದೂ ಚಲಿಸುವ ಭಾಗವಿಲ್ಲ, ಸದ್ದಿಲ್ಲ. ಆದರೆ ಗಾಡಿ ವಾಲಿ ನಿಂತರೆ ಕೆಲಸ ಕೆಡುತ್ತದೆ, ಹೊರಗೆ ಸೆಕೆ ಹೆಚ್ಚಿದರೆ ಸೋಲುತ್ತದೆ. ಈಗಿನ ವ್ಯಾನುಗಳಲ್ಲಿ ಹೆಚ್ಚಾಗಿ ಕಂಪ್ರೆಸರ್ ಫ್ರಿಜ್ಜೇ ಬರುತ್ತದೆ.

ಅಣ್ಣನ ಮಗನ ಮಾತಿಗೆ ಬಂದರೆ, ಅವನ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಎರಡು ಮೀಟರಿನ ಪಟ್ಟಿ. ಕ್ಯಾಲಿಫೋರ್ನಿಯಾ ಅಲ್ಲಿಗೆ ಸರಿಹೋಗುತ್ತಿತ್ತು. ಆದರೆ ಬೇಸಿಗೆಗೆ ಮೈಸೂರಿನಿಂದ ನಮ್ಮ ಅತ್ತಿಗೆ ಹೋಗುತ್ತಾರೆ, ಅವರಿಗೆ ಮಂಡಿನೋವು. “ಆ ಅಟ್ಟ ಹತ್ತೋದು ನನ್ನ ಕೈಲಾಗಲ್ಲಪ್ಪ, ರಾತ್ರಿ ಬಚ್ಚಲಿಗೆ ಅಂತ ಹೊರಗೆ ನಡೆಯೋದಕ್ಕೂ ಆಗಲ್ಲ,” ಅಂದುಬಿಟ್ಟರು. ಅವರು ಹೇಳಿದ್ದು ಯಾವ ತಜ್ಞರ ವರದಿಗೂ ಕಡಮೆಯಲ್ಲ. ಕೊನೆಗೆ ಅವನು ಇರುವ ಕಾರನ್ನೇ ಇಟ್ಟುಕೊಂಡು, ರಜೆಯ ವಾರಗಳಿಗೆ 5.99 ಮೀಟರಿನ ಡುಕಾಟೊ ಬಾಡಿಗೆಗೆ ಹಿಡಿದ. ಮನೆಯ ಪಾರ್ಕಿಂಗಿಗೆ ಒಂದು, ಅಮ್ಮನ ಮಂಡಿಗೆ ಇನ್ನೊಂದು ಬೇಕಾದಾಗ ಎರಡನ್ನೂ ಒಂದೇ ಗಾಡಿಯಿಂದ ಬಯಸದೆ ಇದ್ದದ್ದು ಜಾಣತನ.

ಫೋಕ್ಸ್‌ವ್ಯಾಗನ್ ಈಗ ದಾರಿ ಬದಲಿಸಿರುವುದನ್ನೂ ಹೇಳಬೇಕು. 2024ರ ಹೊಸ ಕ್ಯಾಲಿಫೋರ್ನಿಯಾ ಸರಕು ವ್ಯಾನಿನ ಮೇಲಲ್ಲ, ಮಲ್ಟಿವ್ಯಾನ್ ಎಂಬ ಪ್ರಯಾಣಿಕರ ಗಾಡಿಯ ಮೇಲೆ ನಿಂತಿದೆ. ಅದರ ಬುಡ ಕಾರುಗಳದ್ದು. ಉದ್ದ 5.17 ಮೀಟರಿಗೆ ಬೆಳೆದಿದೆ, ಎರಡೂ ಪಕ್ಕಕ್ಕೆ ಜಾರುವ ಬಾಗಿಲು ಬಂದಿದೆ, ಓಡಿಸಲು ಕಾರಿನಷ್ಟೇ ಹಗುರ. ಟ್ರಾನ್ಸ್‌ಪೋರ್ಟರ್ ಎಂಬ ಹಳೆಯ ಹೆಸರಿನ ಸರಕು ವ್ಯಾನು ಈಗ ಫೋರ್ಡಿನ ಟ್ರಾನ್ಸಿಟ್ ಕಸ್ಟಮ್ ಜೊತೆ ಟರ್ಕಿಯಲ್ಲಿ ತಯಾರಾಗುತ್ತದೆ. ನನಗೇನೋ ಸರಕು ವ್ಯಾನಿನ ಗಟ್ಟಿತನವೇ ಇಷ್ಟ. ದಿನವೂ ಓಡಿಸುವವರಿಗೆ ಹೊಸದರ ಸುಖ ಹೆಚ್ಚು ಒಪ್ಪಬಹುದು.

ನಮ್ಮ ನೆಲದಲ್ಲಿ ಈ ಗಾಡಿಗಳಿಗೆ ಒಬ್ಬ ನಂಟನಿದ್ದಾನೆ. ಮದುವೆ ದಿಬ್ಬಣಕ್ಕೆ, ಧರ್ಮಸ್ಥಳ ಸುಬ್ರಹ್ಮಣ್ಯ ಯಾತ್ರೆಗೆ ನಾವೆಲ್ಲ ಹತ್ತಿರುವ ಟಿ.ಟಿ., ಅಂದರೆ ಟೆಂಪೊ ಟ್ರಾವೆಲರ್. ಬಜಾಜ್ ಟೆಂಪೊ ಕಂಪನಿ, ಈಗಿನ ಫೋರ್ಸ್ ಮೋಟಾರ್ಸ್, ಅದನ್ನು ಕಟ್ಟಿದ್ದು 1977ರಲ್ಲಿ ಜರ್ಮನಿಯಲ್ಲಿ ಬಂದ ಮರ್ಸಿಡಿಸ್ ಟಿ-1 ವ್ಯಾನಿನ ಆಧಾರದ ಮೇಲೆ. ಅದೇ ಟಿ-1 ಮೇಲೆ ವೆಸ್ಟ್‌ಫಾಲಿಯಾದವರು ಜೇಮ್ಸ್ ಕುಕ್ ಎಂಬ ಹೆಸರಾಂತ ಕ್ಯಾಂಪರ್ ಮಾಡಿದರು. 1995ರಲ್ಲಿ ಟಿ-1ರ ಜಾಗಕ್ಕೆ ಬಂದದ್ದೇ ಸ್ಪ್ರಿಂಟರ್. ಹಾಗಾಗಿ ಇಲ್ಲಿ ಟಿ.ಟಿ. ಮೇಲೆ ಕ್ಯಾರವಾನ್ ಕಟ್ಟುವವರು ಒಂದು ಪರೀಕ್ಷಿಸಿದ ಅಡಿಪಾಯದ ಮೇಲೇ ಕೆಲಸ ಮಾಡುತ್ತಿದ್ದಾರೆ. ಇಲ್ಲಿ 3,500 ಕಿಲೋದ ಕಟ್ಟಳೆಯೂ ಇಲ್ಲ. ನಮ್ಮ ಲಘು ವಾಹನ ಲೈಸೆನ್ಸಿನ ಮಿತಿ 7,500 ಕಿಲೋ. ಇಂಥ ಗಾಡಿಗಳ ಒಪ್ಪಿಗೆಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವಿದೆ. ಮನೆಯ ಹಿತ್ತಲಲ್ಲಿ ಬಡಗಿಯನ್ನು ಕರೆಸಿ ಟಿ.ಟಿ.ಗೆ ಹಾಸಿಗೆ, ಗ್ಯಾಸ್ ಒಲೆ ಕೂರಿಸಿ ರಸ್ತೆಗಿಳಿಸುವುದು ಬೇಡ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೇ ಒಂದು ನೀತಿ ತಂದು, ಗಾಡಿಗಳ ಜೊತೆಗೆ ಅವು ತಂಗುವ ಪಾರ್ಕುಗಳನ್ನೂ ಯೋಜಿಸಿತು.

ಆ ಪಾರ್ಕುಗಳ ಮಾತು ಮುಖ್ಯ, ಯಾಕೆಂದರೆ ರಾತ್ರಿ ತಂಗುವ ಕಡೆ ವಿದ್ಯುತ್ತು ಬೇಕು; ಜರ್ಮನಿಯಲ್ಲಿ ಹೀಟರ್ ಹೇಗೋ ನಮಗೆ ಎ.ಸಿ. ಹಾಗೆ. 12 ವೋಲ್ಟಿನ, 100 ಆಂಪಿಯರ್-ಅವರಿನ ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು ಒಂದೂಕಾಲು ಯೂನಿಟ್ ವಿದ್ಯುತ್ತು. ಚಾವಣಿಯ ಮೇಲಿನ ಎ.ಸಿ. ಗಂಟೆಗೆ ಒಂದು ಯೂನಿಟ್ಟಿನ ಆಸುಪಾಸು ಎಳೆಯುತ್ತದೆ. ರಾತ್ರಿ ಹತ್ತಕ್ಕೆ ಹಾಕಿದರೆ ಹನ್ನೊಂದೂವರೆಯ ಹೊತ್ತಿಗೆ ಬ್ಯಾಟರಿ ಖಾಲಿ. ಡಿಸೆಂಬರಿನಲ್ಲಿ ಮಡಿಕೇರಿ, ಚಿಕ್ಕಮಗಳೂರಿನ ಕಡೆಗಾದರೆ ಎ.ಸಿ. ಬೇಕಾಗದು, ಕಿಟಕಿಗೆ ಸೊಳ್ಳೆ ಪರದೆ ಇದ್ದರಾಯಿತು. ಏಪ್ರಿಲ್‌ನಲ್ಲಿ ಹಂಪಿ, ಬಾದಾಮಿಗೆ ಹೊರಟಿದ್ದರೆ ರಾತ್ರಿಯಿಡೀ 230 ವೋಲ್ಟ್ ಕೊಡುವ ಪ್ಲಗ್ಗು ಎಲ್ಲಿ ಸಿಗುತ್ತದೆ ಅಂತ ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಬಾಡಿಗೆಯ ಮುಂಗಡ ಕೊಡಿ.